ತಪ್ಪು ಮನೆಯ ಬಾಗಿಲು ತಟ್ಟದಿರಲು ಎಷ್ಟು ಖರ್ಚು? ಮಕ್ಕಳ ಆನ್‌ಲೈನ್ ರಕ್ಷಣೆ ಮತ್ತು ಜಿಲ್ಲಾ ಪೊಲೀಸರ ದುಡ್ಡಿನ ಲೆಕ್ಕ

ಒಂದು ಸನ್ನಿವೇಶ ಇಟ್ಟುಕೊಳ್ಳೋಣ. ಮಾರ್ಚ್ 12, ನಡುರಾತ್ರಿ ದಾಟಿ 1 ಗಂಟೆ 10 ನಿಮಿಷ. ನಮ್ಮ ರಾಜ್ಯದ ಯಾವುದೋ ತಾಲ್ಲೂಕು ಕೇಂದ್ರದಲ್ಲಿ ಒಬ್ಬ ತನ್ನ ಮೊಬೈಲಿನಿಂದ ಇನ್ನೊಬ್ಬನಿಗೆ ಒಂದು ಚಿತ್ರ ಕಳಿಸುತ್ತಾನೆ. ಅದು ಮಗುವೊಂದರ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಚಿತ್ರ. ಆ್ಯಪ್ ನಡೆಸುವ ಕಂಪನಿಯ ಕಂಪ್ಯೂಟರ್ ಅದನ್ನು ಗುರುತು ಹಿಡಿದು, ಒಂದು ವರದಿಯನ್ನು ಅಮೆರಿಕದ ಸಂಸ್ಥೆಯೊಂದಕ್ಕೆ ಕಳಿಸುತ್ತದೆ. ಅಲ್ಲಿಂದ ದೆಹಲಿ, ದೆಹಲಿಯಿಂದ ಬೆಂಗಳೂರು, ಬೆಂಗಳೂರಿನಿಂದ ಜಿಲ್ಲೆಯ ಸೆನ್ ಠಾಣೆ, ಅಂದರೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆ.

ಠಾಣೆಯಲ್ಲಿ ವರದಿ ತೆರೆದವರಿಗೆ ಕಾಣುವ ಸಮಯ ಬೇರೆ: ಮಾರ್ಚ್ 11, 19:40. ಇದು ತಪ್ಪಲ್ಲ, ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯ. ನಮ್ಮ ಗಡಿಯಾರಕ್ಕೆ ತರಬೇಕಾದರೆ ಐದೂವರೆ ಗಂಟೆ ಕೂಡಬೇಕು. ಕೂಡಿದರೆ ತಾರೀಖೇ ಬದಲಾಗುತ್ತದೆ. ಇದು ಗೊತ್ತಿಲ್ಲದ ಸಿಬ್ಬಂದಿ ‘11ರ ಸಂಜೆ 7.40ಕ್ಕೆ ಈ ಇಂಟರ್ನೆಟ್ ಸಂಪರ್ಕ ಯಾರ ಹೆಸರಿನಲ್ಲಿತ್ತು?’ ಎಂದು ಟೆಲಿಕಾಂ ಕಂಪನಿಗೆ ಬರೆದರೆ, ಅವರೂ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾರೆ. ಆ ಉತ್ತರದಲ್ಲಿರುವುದು ಸಂಬಂಧವೇ ಇಲ್ಲದ ಇನ್ನೊಬ್ಬರ ವಿಳಾಸ. ಮರುದಿನ ಬೆಳಗ್ಗೆ ಪೊಲೀಸರು ಹೋಗಿ ನಿಲ್ಲುವುದು ಆ ಬಾಗಿಲ ಮುಂದೆ.

ಐದೂವರೆ ಗಂಟೆ ಕೂಡುವುದಕ್ಕೆ ನಯಾಪೈಸೆ ಖರ್ಚಿಲ್ಲ. ಕೂಡಬೇಕು ಎಂದು ಗೊತ್ತಿರುವ ಮನುಷ್ಯನನ್ನು ಪ್ರತಿ ಜಿಲ್ಲೆಯಲ್ಲೂ ತಯಾರು ಮಾಡಿ, ಆತನ ಕೈಗೆ ಸರಿಯಾದ ಉಪಕರಣ ಕೊಟ್ಟು, ಮೂರು ವರ್ಷವಾದರೂ ಅದೇ ಕುರ್ಚಿಯಲ್ಲಿ ಉಳಿಸಿಕೊಳ್ಳುವುದಕ್ಕೆ ಖರ್ಚಿದೆ. ಆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ, ಯಾಕೆ ಸಾಲುವುದಿಲ್ಲ ಎನ್ನುವುದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

## ಮೊದಲು ಪದಗಳು

ಇಲ್ಲಿ ‘ಮಗು’ ಎಂದರೆ 18 ವರ್ಷ ತುಂಬದ ಯಾರಾದರೂ. ಪಿಯುಸಿ ಹುಡುಗ, ಹುಡುಗಿಯರೂ ಕಾನೂನಿನ ಕಣ್ಣಿಗೆ ಮಕ್ಕಳೇ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರ, ವಿಡಿಯೊಗಳಿಗೆ ಪೊಲೀಸರು ‘ಸೀಸ್ಯಾಮ್’ ಎನ್ನುತ್ತಾರೆ. ಮೊದಲೆಲ್ಲ ‘ಮಕ್ಕಳ ಅಶ್ಲೀಲ ಚಿತ್ರ’ ಎನ್ನುತ್ತಿದ್ದರು. 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಪದ ಬೇಡ ಎಂದಿತು. ಅಶ್ಲೀಲ ಎಂದಾಗ ಯಾರೋ ಒಪ್ಪಿ ನಟಿಸಿದ್ದು ಎಂಬ ಅರ್ಥ ನುಸುಳುತ್ತದೆ. ಇಲ್ಲಿರುವುದು ಒಂದು ಅಪರಾಧದ ದಾಖಲೆ. ಇಂಥ ಸಾಮಗ್ರಿಯನ್ನು ಇಟ್ಟುಕೊಳ್ಳುವುದು, ನೋಡುವುದು ತಪ್ಪಲ್ಲ ಎಂಬ ಮದ್ರಾಸ್ ಹೈಕೋರ್ಟಿನ ನಿಲುವನ್ನೂ ಆ ತೀರ್ಪು ತಳ್ಳಿಹಾಕಿತು. ಅದೇ ವರ್ಷ ಜುಲೈನಲ್ಲಿ ನಮ್ಮ ಹೈಕೋರ್ಟ್ ಕೂಡ, ಬರೀ ನೋಡುವುದು ಐಟಿ ಕಾಯ್ದೆಯಡಿ ಅಪರಾಧವಾಗದು ಎಂದು ಒಂದು ಪ್ರಕರಣ ರದ್ದು ಮಾಡಿ, ಕೆಲವೇ ದಿನಗಳಲ್ಲಿ ಆ ಆದೇಶವನ್ನು ತಾನೇ ಹಿಂಪಡೆದಿತ್ತು. ಐಟಿ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಮೊದಲ ಸಲದ ಅಪರಾಧಕ್ಕೇ ಐದು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಜೊತೆಗೆ 2012ರ ಪೋಕ್ಸೊ ಕಾಯ್ದೆ.

ಇನ್ನೆರಡು ಪದ. ‘ಗ್ರೂಮಿಂಗ್’ ಎಂದರೆ ದೊಡ್ಡವರೊಬ್ಬರು ಆನ್‌ಲೈನಿನಲ್ಲಿ ಮಗುವಿನ ಸ್ನೇಹ ಗಳಿಸಿ, ಪುಸಲಾಯಿಸಿ, ನಿಧಾನವಾಗಿ ಬಲೆಗೆ ಕೆಡವುವುದು. ‘ಸೆಕ್ಸ್‌ಟಾರ್ಶನ್’ ಎಂದರೆ ಒಂದು ಖಾಸಗಿ ಚಿತ್ರವನ್ನು ಕೈಗೆ ಹಾಕಿಕೊಂಡು, ‘ದುಡ್ಡು ಕೊಡು, ಇಲ್ಲವೇ ಇನ್ನಷ್ಟು ಚಿತ್ರ ಕಳಿಸು’ ಎಂದು ಹೆದರಿಸುವುದು. ಹುಡುಗರೂ ಇದಕ್ಕೆ ದೊಡ್ಡ ಸಂಖ್ಯೆಯಲ್ಲಿ ಸಿಕ್ಕಿಬೀಳುತ್ತಿದ್ದಾರೆ.

## ಸುಳಿವು ಹುಟ್ಟುವುದು ಎಲ್ಲಿ

ಕಳ್ಳತನವಾದರೆ ಕಳೆದುಕೊಂಡವರು ಠಾಣೆಗೆ ಬರುತ್ತಾರೆ. ಈ ಅಪರಾಧದಲ್ಲಿ ಬರುವವರೇ ಕಡಿಮೆ. ಮಗುವಿಗೆ ಭಯ, ಮನೆಯವರಿಗೆ ಮಾನದ ಚಿಂತೆ. ಎಷ್ಟೋ ಸಲ ತನ್ನ ಚಿತ್ರ ಹರಿದಾಡುತ್ತಿದೆ ಎಂಬುದೇ ಮಗುವಿಗೆ ಗೊತ್ತಿರುವುದಿಲ್ಲ. ಹಾಗಾಗಿ ಪೊಲೀಸರಿಗೆ ಸಿಗುವ ಸುಳಿವುಗಳಲ್ಲಿ ಬಹುಪಾಲು ಬರುವುದು ಕಂಪನಿಗಳಿಂದ.

ಅಮೆರಿಕದ ಕಾನೂನಿನ ಪ್ರಕಾರ ಅಲ್ಲಿನ ಇಂಟರ್ನೆಟ್ ಕಂಪನಿಗಳು ಇಂಥ ಚಿತ್ರ ತಮ್ಮ ಕಣ್ಣಿಗೆ ಬಿದ್ದರೆ ವರದಿ ಮಾಡಲೇಬೇಕು. ಹುಡುಕಲೇಬೇಕು ಎಂದು ಆ ಕಾನೂನು ಹೇಳುವುದಿಲ್ಲ, ಅದು ಕಂಪನಿಗಳ ಇಷ್ಟ. ಹುಡುಕುವವರು ಬಳಸುವ ವಿಧಾನಕ್ಕೆ ‘ಹ್ಯಾಶ್’ ಎಂದು ಹೆಸರು. ಹಿಂದೆ ಪತ್ತೆಯಾದ ಪ್ರತಿ ಚಿತ್ರಕ್ಕೂ ಅಂಕಿ ಅಕ್ಷರಗಳ ಒಂದು ಬೆರಳಚ್ಚು ತೆಗೆದು ಪಟ್ಟಿ ಮಾಡಿರುತ್ತಾರೆ. ಹೊಸದಾಗಿ ಯಾರಾದರೂ ಅದೇ ಚಿತ್ರ ಏರಿಸಿದರೆ ಬೆರಳಚ್ಚು ತಾಳೆಯಾಗುತ್ತದೆ. ಚಿತ್ರವನ್ನು ಸ್ವಲ್ಪ ಕತ್ತರಿಸಿದರೂ ಬಣ್ಣ ಬದಲಿಸಿದರೂ ಗುರುತು ಹಿಡಿಯುವ ‘ಫೋಟೊಡಿಎನ್‌ಎ’ ತಂತ್ರವನ್ನು 2009ರಲ್ಲಿ ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಹನಿ ಫರೀದ್ ಸೇರಿ ರೂಪಿಸಿದರು.

ಈ ವರದಿಗಳೆಲ್ಲ ಹೋಗಿ ಸೇರುವುದು ಅಮೆರಿಕದ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿರುವ, ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಎನ್‌ಸಿಎಂಇಸಿ ಎಂಬ ಸಂಸ್ಥೆಯನ್ನು. ಅದು 1998ರಿಂದ ‘ಸೈಬರ್ ಟಿಪ್‌ಲೈನ್’ ನಡೆಸುತ್ತಿದೆ. ವರದಿಯಲ್ಲಿರುವ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ, ಯಾವ ದೇಶದ್ದೋ ಆ ದೇಶಕ್ಕೆ ಸುಳಿವು ರವಾನೆಯಾಗುತ್ತದೆ. 2019ರ ಏಪ್ರಿಲ್‌ನಲ್ಲಿ ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, ಅದರ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಭಾರತಕ್ಕೂ ಈ ಕೊಳವೆ ಜೋಡಣೆಯಾಯಿತು.

ಕೊಳವೆಯಲ್ಲಿ ಎಷ್ಟು ನೀರು ಎನ್ನುತ್ತೀರಾ? 2022ರಲ್ಲಿ ಭಾರತಕ್ಕೆ ಸಂಬಂಧಿಸಿದ ವರದಿಗಳೇ 56 ಲಕ್ಷದ ಮೇಲೆ. 2023ರಲ್ಲಿ ಸುಮಾರು 89 ಲಕ್ಷ, ಜಗತ್ತಿನಲ್ಲೇ ಹೆಚ್ಚು. 2022ರಲ್ಲಿ ಮಕ್ಕಳ ವಿರುದ್ಧದ ಸೈಬರ್ ಅಪರಾಧ ಎಂದು ದೇಶದಾದ್ಯಂತ ದಾಖಲಾದ ಪ್ರಕರಣಗಳೋ, ಎನ್‌ಸಿಆರ್‌ಬಿ ಲೆಕ್ಕದಲ್ಲಿ 1,823.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಪೊಲೀಸರನ್ನು ಬೈಯುವುದು ಸುಲಭ. ಆದರೆ ಒಂದು ವರದಿ ಎಂದರೆ ಒಬ್ಬ ಅಪರಾಧಿಯಲ್ಲ. ಒಂದೇ ವಿಡಿಯೊವನ್ನು ಸಾವಿರ ಜನ ಹಂಚಿದರೆ ಸಾವಿರ ವರದಿ. ತಾನಿರುವ ಜಾಗ ಮರೆಮಾಚುವ ವಿಪಿಎನ್ ಬಳಸಿದವನ ದೇಶ ತಪ್ಪಾಗಿ ತೋರಿಸುತ್ತದೆ. ಎಷ್ಟೋ ವರದಿಗಳಲ್ಲಿ ಮುಂದಕ್ಕೆ ಹೋಗುವಷ್ಟು ಮಾಹಿತಿಯೇ ಇರುವುದಿಲ್ಲ. ಸಿಟ್ಟಿನಿಂದಲೋ ಆಘಾತದಿಂದಲೋ ‘ಇವನನ್ನು ಹಿಡಿಯಿರಿ’ ಎಂದು ಗುಂಪುಗಳಿಗೆ ಕಳಿಸಿದವರದ್ದೂ ಒಂದೊಂದು ವರದಿಯಾಗಿರುತ್ತದೆ. ಕಾಳು ಜೊಳ್ಳು ಬೇರೆ ಮಾಡುವ ಕೆಲಸ ಇದು. ಕೇರುವುದಕ್ಕೆ ಮೊರವೂ ಬೇಕು, ಕೈಯೂ ಬೇಕು.

## ಜಿಲ್ಲೆಯ ಠಾಣೆಯಲ್ಲಿ

ನಮ್ಮ ಸಂವಿಧಾನದ ಏಳನೇ ಪರಿಚ್ಛೇದದಲ್ಲಿ ಪೊಲೀಸ್ ವ್ಯವಸ್ಥೆ ರಾಜ್ಯಪಟ್ಟಿಯಲ್ಲಿದೆ. ಅಪರಾಧ ಅಂತರರಾಷ್ಟ್ರೀಯವಾದರೂ ಬಾಗಿಲು ತಟ್ಟಬೇಕಾದವರು ಸ್ಥಳೀಯರೇ. ಸಿಬಿಐಗೆ 2019ರಿಂದ ಇದಕ್ಕಾಗಿಯೇ ಒಂದು ಘಟಕ ಇದೆ. 2021ರಲ್ಲಿ ‘ಆಪರೇಷನ್ ಕಾರ್ಬನ್’, 2022ರಲ್ಲಿ ‘ಆಪರೇಷನ್ ಮೇಘಚಕ್ರ’ ಎಂದು ಹಲವು ರಾಜ್ಯಗಳಲ್ಲಿ ಏಕಕಾಲಕ್ಕೆ ದಾಳಿಯನ್ನೂ ಮಾಡಿತು. ಆದರೆ ದಿನನಿತ್ಯದ ಸುಳಿವುಗಳ ಹೊರೆ ಬೀಳುವುದು ರಾಜ್ಯ ಪೊಲೀಸರ ಹೆಗಲಿಗೆ.

ಕರ್ನಾಟಕದಲ್ಲಿ ಈ ಕೆಲಸದ ಇತಿಹಾಸ ಸಣ್ಣದಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ಸೈಬರ್ ಕ್ರೈಂ ಠಾಣೆ ಶುರುವಾಗಿತ್ತು. ಈಗ ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ಸೆನ್ ಠಾಣೆಗಳಿವೆ. ಸೆನ್ ಎಂದರೆ ಸೈಬರ್, ಎಕನಾಮಿಕ್, ನಾರ್ಕೋಟಿಕ್. ಹೆಸರಲ್ಲೇ ಹೊರೆ ಇದೆ ನೋಡಿ. ಗಾಂಜಾ ಹಿಡಿಯುವವರೂ ಅವರೇ, ಚಿಟ್ ಫಂಡ್ ಮೋಸದ ಬೆನ್ನು ಹತ್ತುವವರೂ ಅವರೇ, ‘ಡಿಜಿಟಲ್ ಅರೆಸ್ಟ್’ ಎಂದು ನಿವೃತ್ತ ಮೇಷ್ಟ್ರ ಪಿಎಫ್ ಹಣ ದೋಚಿದವರನ್ನು ಹುಡುಕುವವರೂ ಅವರೇ. 2023ರಲ್ಲಿ ದೇಶದಲ್ಲಿ ದಾಖಲಾದ 86,420 ಸೈಬರ್ ಪ್ರಕರಣಗಳಲ್ಲಿ 21,889 ಕರ್ನಾಟಕದವು, ಯಾವ ರಾಜ್ಯಕ್ಕಿಂತಲೂ ಹೆಚ್ಚು. ದುಡ್ಡು ಕಳೆದುಕೊಂಡವರು ಠಾಣೆಯ ಬೆಂಚಿನ ಮೇಲೆ ಕೂತು ಅಳುತ್ತಿರುತ್ತಾರೆ. ಅಲೆಕ್ಸಾಂಡ್ರಿಯಾದಿಂದ ಬಂದ ಸುಳಿವು ಬೆಂಚಿನ ಮೇಲೆ ಕೂರುವುದಿಲ್ಲ, ಫೈಲಿನಲ್ಲಿರುತ್ತದೆ. ಯಾವುದು ಮೊದಲು ಮೇಜಿಗೆ ಬರುತ್ತದೆ ಎಂದು ನೀವೇ ಊಹಿಸಿ.

ಮೇಲಾಗಿ ಐಟಿ ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ ಆ ಕಾಯ್ದೆಯ ಪ್ರಕರಣಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಚುರುಕಾದ ಪಿಎಸ್‌ಐ, ಕಂಪ್ಯೂಟರ್ ಓದಿದ ಕಾನ್‌ಸ್ಟೆಬಲ್ ಇದ್ದರೂ ಕೇಸಿನ ತನಿಖಾಧಿಕಾರಿಯಾಗಿ ಸಹಿ ಹಾಕಬೇಕಾದವರು ಇನ್‌ಸ್ಪೆಕ್ಟರ್. ಅವರು ಬಂದೋಬಸ್ತ್‌ಗೆ ಹೋದ ದಿನ ಕೆಲಸ ನಿಂತಿತು. 2025ರಲ್ಲಿ ರಾಜ್ಯ ಸರ್ಕಾರ ‘ಸೈಬರ್ ಕಮಾಂಡ್’ ಎಂಬ ಪ್ರತ್ಯೇಕ ಘಟಕ ಕಟ್ಟಿ, ಡಿಜಿಪಿ ದರ್ಜೆಯ ಅಧಿಕಾರಿಯನ್ನು ಅದರ ಮೇಲೆ ಕೂರಿಸಿದ್ದು ಈ ಗೋಜಲು ಬಿಡಿಸುವುದಕ್ಕೇ.

ಇನ್ನು ವಿಳಾಸ ಪತ್ತೆ. ಐಪಿ ವಿಳಾಸ ಎಂದರೆ ಮನೆ ನಂಬರ್ ಇದ್ದಹಾಗೆ ಎನ್ನುವುದುಂಟು. ಮೊಬೈಲ್ ಡೇಟಾದ ವಿಷಯದಲ್ಲಿ ಈ ಮಾತು ಪೂರ್ತಿ ನಿಜವಲ್ಲ. ಐಪಿ ವಿಳಾಸಗಳ ಕೊರತೆಯಿಂದ ಟೆಲಿಕಾಂ ಕಂಪನಿಗಳು ಒಂದೇ ವಿಳಾಸವನ್ನು ಒಂದೇ ಹೊತ್ತಿಗೆ ನೂರಾರು ಗ್ರಾಹಕರಿಗೆ ಹಂಚುತ್ತವೆ. ದೊಡ್ಡ ಅಪಾರ್ಟ್‌ಮೆಂಟಿಗೆ ಒಂದೇ ಗೇಟ್ ಇದ್ದಹಾಗೆ. ಒಳಗೆ ಯಾವ ಫ್ಲ್ಯಾಟ್ ಎಂದು ತಿಳಿಯಬೇಕಾದರೆ ‘ಪೋರ್ಟ್’ ಎಂಬ ಇನ್ನೊಂದು ಸಂಖ್ಯೆ ಬೇಕು, ಸಮಯ ಸೆಕೆಂಡಿನವರೆಗೆ ಸರಿಯಿರಬೇಕು. ಪೋರ್ಟ್ ಸಂಖ್ಯೆ ಇಲ್ಲದ ವರದಿ ಬಂದರೆ ಪೊಲೀಸರು ಗೇಟಿನ ಮುಂದೆ ನಿಂತುಬಿಡುತ್ತಾರೆ. ಟೆಲಿಕಾಂ ಕಂಪನಿಗಳು ಈ ದಾಖಲೆಗಳನ್ನು ಎರಡು ವರ್ಷ ಇಡಬೇಕೆಂಬ ನಿಯಮವಿದೆ. ಸುಳಿವು ಮೇಜಿನ ಮೇಲೆ ಧೂಳು ತಿಂದಷ್ಟೂ ಆ ಗಡುವು ಹತ್ತಿರ ಬರುತ್ತದೆ.

## ಒಂದು ಮೊಬೈಲ್ ಕೈಗೆ ಸಿಕ್ಕಿದ ಮೇಲೆ

ದುಡ್ಡು ಖರ್ಚಾಗುವ ಜಾಗವನ್ನು ಹತ್ತಿರದಿಂದ ನೋಡೋಣ. ಸರಿಯಾದ ಮನೆ ಸಿಕ್ಕಿತು. ಪಂಚರ ಎದುರು ಮಹಜರು ಮಾಡಿ ಒಂದು ಮೊಬೈಲ್, ಒಂದು ಹಳೆಯ ಲ್ಯಾಪ್‌ಟಾಪ್, ಎರಡು ಪೆನ್‌ಡ್ರೈವ್ ವಶಕ್ಕೆ ಪಡೆದರು. ಮೊಬೈಲ್ ಚಾಲೂ ಇದ್ದರೆ ದೂರದಿಂದಲೇ ಯಾರಾದರೂ ಅದರಲ್ಲಿರುವುದನ್ನು ಅಳಿಸಬಹುದು. ಅದಕ್ಕೆ ಸಿಗ್ನಲ್ ಒಳಹೋಗದ ‘ಫ್ಯಾರಡೆ’ ಚೀಲ ಬೇಕು. ಚೀಲದೊಳಗೆ ಅದು ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಖಾಲಿ ಮಾಡಿಕೊಂಡು ಆರಿತೋ, ಮತ್ತೆ ತೆರೆಯಲು ಪಾಸ್‌ವರ್ಡ್ ಕೇಳುತ್ತದೆ. ಹಾಗಾಗಿ ಜೊತೆಗೊಂದು ಪವರ್ ಬ್ಯಾಂಕ್.

ಲ್ಯಾಬಿನಲ್ಲಿ ಮೂಲ ಸಾಧನವನ್ನು ನೇರವಾಗಿ ತೆರೆಯುವುದಿಲ್ಲ. ‘ರೈಟ್ ಬ್ಲಾಕರ್’ ಎಂಬ ಉಪಕರಣ ಮಧ್ಯೆ ಇಟ್ಟು ಪೂರ್ತಿ ನಕಲು ತೆಗೆಯುತ್ತಾರೆ. ಅದು ಓದಲು ಬಿಡುತ್ತದೆ, ಒಂದಕ್ಷರ ಬರೆಯಲು ಬಿಡುವುದಿಲ್ಲ. ಮೂಲದ ಹ್ಯಾಶ್, ನಕಲಿನ ಹ್ಯಾಶ್ ಎರಡೂ ಒಂದೇ ಎಂದು ತೋರಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅಡಿ ಕೊಡುವ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಬರೆಯಲು ಜಾಗವನ್ನೇ ಇಟ್ಟಿದ್ದಾರೆ. ಅಲ್ಲಿ ಎಡವಿದರೆ ವಕೀಲರು ಬಿಡುವುದಿಲ್ಲ, ಬಿಡಲೂಬಾರದು.

ಮೊಬೈಲಿನಿಂದ ಮಾಹಿತಿ ಹೊರತೆಗೆಯಲು ಇಸ್ರೇಲಿನ ಸೆಲೆಬ್ರೈಟ್‌ನಂಥ ಕಂಪನಿಗಳ ತಂತ್ರಾಂಶ ಬೇಕು. ಇದರ ಲೈಸೆನ್ಸ್ ವರ್ಷ ವರ್ಷ ನವೀಕರಿಸಬೇಕು. ನವೀಕರಿಸದಿದ್ದರೆ ಹೊಸ ಮಾದರಿಯ ಫೋನು ಅದಕ್ಕೆ ಕಲ್ಲಿನ ತುಂಡು. ಹಳ್ಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬೋರ್‌ವೆಲ್ ಕೊರೆಸಲು ಸಬ್ಸಿಡಿ ಸಿಗುತ್ತದೆ, ಉದ್ಘಾಟನೆಯೂ ಆಗುತ್ತದೆ. ಮೋಟಾರು ಸುಟ್ಟಾಗ ರಿವೈಂಡಿಂಗ್‌ಗೆ ದುಡ್ಡು ಎಲ್ಲಿಂದ? ಫೊರೆನ್ಸಿಕ್ ಲ್ಯಾಬಿನ ಕಥೆಯೂ ಇದೇ. ಕಟ್ಟಡ, ಕಂಪ್ಯೂಟರ್ ಒಂದೇ ಸಲದ ಖರ್ಚು. ಲೈಸೆನ್ಸ್, ಹಾರ್ಡ್‌ಡಿಸ್ಕ್, ತಜ್ಞರ ಸಂಬಳ ಪ್ರತಿ ವರ್ಷದ ಖರ್ಚು. ಯೋಜನೆಗಳಿಗೆ ಮೊದಲನೆಯದೆಂದರೆ ಪ್ರೀತಿ, ಎರಡನೆಯದೆಂದರೆ ಮರೆವು.

ಇಷ್ಟೆಲ್ಲ ಆದರೂ ಮುಖ್ಯ ಕೆಲಸ ಉಳಿದೇ ಇರುತ್ತದೆ. ಸಿಕ್ಕ ಚಿತ್ರಗಳಲ್ಲಿ ಹಳೆಯವನ್ನು ಹ್ಯಾಶ್ ಪಟ್ಟಿ ಬೇರ್ಪಡಿಸುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಸಿಕ್ಕರೆ? ಅದು ಹೊಸ ಚಿತ್ರ. ಆ ಮಗು ಈಗಲೂ ಅಪಾಯದಲ್ಲಿರಬಹುದು. ಆಗ ಒಬ್ಬರು ಕೂತು ಚಿತ್ರದ ಮೂಲೆಗಳನ್ನು ನೋಡಬೇಕು: ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ಊರಿನ ಅಂಗಡಿಯ ಹೆಸರಿದೆ, ಸ್ವಿಚ್‌ಬೋರ್ಡ್ ಯಾವ ಬಗೆಯದು, ಗೂಟಕ್ಕೆ ನೇತುಹಾಕಿದ ಸಮವಸ್ತ್ರ ಯಾವ ಬಣ್ಣದ್ದು, ಹಿನ್ನೆಲೆಯ ಮಾತು ಧಾರವಾಡದ ಕಡೆಯದೋ ಮಂಡ್ಯದ ಕಡೆಯದೋ. ದೆಹಲಿಯಲ್ಲಿ ಕೂತವರಿಗೆ, ಅಮೆರಿಕದಲ್ಲಿ ಕೂತವರಿಗೆ ಇದು ತಿಳಿಯುವುದಿಲ್ಲ. ಸ್ಥಳೀಯ ಪೊಲೀಸರಿಗೇ ದುಡ್ಡು ತಲುಪಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಂಡಿಲ್ಲ. ಯುರೋಪಿನ ಪೊಲೀಸ್ ಸಹಕಾರ ಸಂಸ್ಥೆ ಯುರೋಪೋಲ್ 2017ರಿಂದ ಇಂಥ ಚಿತ್ರಗಳಿಂದ ಬರೀ ವಸ್ತುಗಳನ್ನು ಕತ್ತರಿಸಿ ತೆಗೆದು, ಒಂದು ಪೊಟ್ಟಣ, ಒಂದು ಪರದೆಯ ಬಟ್ಟೆ ಹೀಗೆ, ‘ಇದು ಎಲ್ಲಿಯದೆಂದು ಗೊತ್ತೇ?’ ಎಂದು ಸಾರ್ವಜನಿಕರನ್ನೇ ಕೇಳುತ್ತಿದೆ. ಇಂಟರ್‌ಪೋಲ್‌ನ ಇಂಥ ಚಿತ್ರಗಳ ದತ್ತಾಂಶ ಸಂಗ್ರಹಕ್ಕೆ ಭಾರತ 2022ರಲ್ಲಿ ಸೇರಿತು.

ಖರ್ಚಿನ ಪಟ್ಟಿಯಲ್ಲಿ ಯಾರ ಗಮನಕ್ಕೂ ಬಾರದ ಒಂದು ಬಾಬ್ತು ಉಳಿಯಿತು. ದಿನವಿಡೀ ಇಂಥದ್ದನ್ನು ನೋಡುವವರೂ ಮನುಷ್ಯರು. ಮನೆಯಲ್ಲಿ ಅವರಿಗೂ ಅದೇ ವಯಸ್ಸಿನ ಮಕ್ಕಳಿರುತ್ತಾರೆ. ಅವರ ಆಪ್ತ ಸಮಾಲೋಚನೆಗೂ ದುಡ್ಡು ಬೇಕು.

## ನಮ್ಮಲ್ಲಿ ದುಡ್ಡು ಬರುವ ದಾರಿ

ಸಂಬಳ, ಕಟ್ಟಡ, ವಾಹನ ರಾಜ್ಯ ಬಜೆಟ್ಟಿನ ಗೃಹ ಇಲಾಖೆಯಿಂದ. ವಿಶೇಷ ಸಾಮರ್ಥ್ಯಕ್ಕೆ ಕೇಂದ್ರದ ಯೋಜನೆಗಳಿವೆ. 2012ರ ಡಿಸೆಂಬರ್‌ನ ದೆಹಲಿ ಘಟನೆಯ ನಂತರ 2013ರ ಬಜೆಟ್ಟಿನಲ್ಲಿ 1,000 ಕೋಟಿ ರೂಪಾಯಿಯೊಂದಿಗೆ ‘ನಿರ್ಭಯಾ ನಿಧಿ’ ಶುರುವಾಯಿತಷ್ಟೆ. ಅದರಡಿ ಗೃಹ ಸಚಿವಾಲಯ ‘ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಸೈಬರ್ ಅಪರಾಧ ತಡೆ’ ಎಂಬ ಯೋಜನೆ ರೂಪಿಸಿತು. ಅಂದಾಜು ವೆಚ್ಚ 223.19 ಕೋಟಿ ರೂಪಾಯಿ. ಅದರಲ್ಲಿ ರಾಜ್ಯಗಳು, ಕೇಂದ್ರಾಡಳಿತ ಪ್ರದೇಶಗಳಿಗೆ 130 ಕೋಟಿಗೂ ಹೆಚ್ಚು ಹೋಯಿತು. ಕೊಟ್ಟಿದ್ದು ಮೂರು ಕೆಲಸಕ್ಕೆ: ಸೈಬರ್ ಫೊರೆನ್ಸಿಕ್ ಮತ್ತು ತರಬೇತಿ ಲ್ಯಾಬ್ ಕಟ್ಟಲು, ಕಿರಿಯ ಸೈಬರ್ ಸಲಹೆಗಾರರನ್ನು ಗುತ್ತಿಗೆ ಮೇಲೆ ತೆಗೆದುಕೊಳ್ಳಲು, ಪೊಲೀಸರು, ಸರ್ಕಾರಿ ವಕೀಲರು, ನ್ಯಾಯಾಧೀಶರಿಗೆ ತರಬೇತಿ ಕೊಡಲು. 33 ಕಡೆ ಲ್ಯಾಬ್ ಆಗಿವೆ, 24,600ಕ್ಕೂ ಹೆಚ್ಚು ಜನರಿಗೆ ತರಬೇತಿ ಆಗಿದೆ ಎಂದು ಸಚಿವಾಲಯ ಸಂಸತ್ತಿಗೆ ತಿಳಿಸಿದೆ.

130 ಕೋಟಿ ಎಂದರೆ ಕಿವಿಗೆ ದೊಡ್ಡದು. 36 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಿಗೆ ಸಮವಾಗಿ ಭಾಗ ಹಾಕಿದರೆ (ನಿಜದಲ್ಲಿ ಸಮವಾಗಿ ಹಂಚಿಲ್ಲ, ಅಂದಾಜಿಗೆ ಹೇಳಿದೆ) ಒಂದೊಂದಕ್ಕೆ ಮೂರೂವರೆ ಕೋಟಿ ಚಿಲ್ಲರೆ. ಅದೂ ಒಂದು ವರ್ಷಕ್ಕಲ್ಲ, ಹಲವು ವರ್ಷಗಳ ಒಟ್ಟು ಲೆಕ್ಕ. ಇಂಥ ಅನುದಾನ ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಖರ್ಚಾಗಿದೆ ಎಂದು ‘ಯುಸಿ’, ಅಂದರೆ ವಿನಿಯೋಗ ಪ್ರಮಾಣಪತ್ರ, ಕಳಿಸಿದರೆ ಮಾತ್ರ ಮುಂದಿನ ಕಂತು. ಟೆಂಡರ್ ತಡವಾದರೆ ಯುಸಿ ತಡ, ಯುಸಿ ತಡವಾದರೆ ಕಂತು ತಡ. ಪಂಚಾಯಿತಿ ಕೆಲಸ ನೋಡಿದವರಿಗೆ ಈ ಚಕ್ರ ಚೆನ್ನಾಗಿ ಗೊತ್ತು.

ಇದರ ಪಕ್ಕದಲ್ಲೇ 415.86 ಕೋಟಿ ರೂಪಾಯಿ ಅಂದಾಜಿನಲ್ಲಿ ಶುರುವಾದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವಿದೆ, ಆದರೆ ಅದು ಎಲ್ಲ ಬಗೆಯ ಸೈಬರ್ ಅಪರಾಧಕ್ಕೆ. ಕರ್ನಾಟಕಕ್ಕೆ ಮೂರನೆಯ ದಾರಿಯೂ ಒಂದಿದೆ. ಬೆಂಗಳೂರಿನ ಸಿಐಡಿ ಆವರಣದ ಸೈಬರ್ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರಕ್ಕೆ ಇನ್ಫೊಸಿಸ್ ಫೌಂಡೇಷನ್ ಹಣ ಕೊಡುತ್ತಿದೆ. ಪೊಲೀಸರು, ಸರ್ಕಾರಿ ವಕೀಲರು, ನ್ಯಾಯಾಂಗದವರು ಅಲ್ಲಿ ತರಬೇತಿ ಪಡೆಯುತ್ತಾರೆ. ಖಾಸಗಿ ದುಡ್ಡು ಬೇಗ ಬರುತ್ತದೆ, ಯುಸಿ ಚಕ್ರದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಒಪ್ಪಂದದ ಅವಧಿ ಮುಗಿದ ಮೇಲೆ ಏನು ಎನ್ನುವ ಪ್ರಶ್ನೆ ಅದಕ್ಕೂ ಇದೆ.

## ಅಮೆರಿಕದ 61 ಪಡೆಗಳು

ಇದೇ ಕೆಲಸಕ್ಕೆ ಅಮೆರಿಕ ಬೇರೆ ಬಗೆಯ ಕಾಲುವೆ ತೋಡಿದೆ. 1993ರಲ್ಲಿ ಮೇರಿಲ್ಯಾಂಡಿನಲ್ಲಿ ಒಬ್ಬ ಬಾಲಕ ಕಾಣೆಯಾದ. ಆ ತನಿಖೆಯ ಎಳೆ ಹಿಡಿದು ಹೋದ ಎಫ್‌ಬಿಐಗೆ ಕಂಪ್ಯೂಟರ್ ಮೂಲಕ ಮಕ್ಕಳನ್ನು ಬಲೆಗೆ ಹಾಕುವ ಜಾಲ ಕಂಡಿತು. 1998ರಲ್ಲಿ ನ್ಯಾಯ ಇಲಾಖೆ ಹತ್ತು ಪೊಲೀಸ್ ಸಂಸ್ಥೆಗಳಿಗೆ ಹಣ ಕೊಟ್ಟು ‘ಐಸಿಎಸಿ’ ಎಂಬ ಪ್ರಾದೇಶಿಕ ಕಾರ್ಯಪಡೆಗಳನ್ನು ಆರಂಭಿಸಿತು. ಇಂದು ಅವು 61. ಅವುಗಳಡಿ 5,400ಕ್ಕೂ ಹೆಚ್ಚು ಪೊಲೀಸ್ ಮತ್ತು ಪ್ರಾಸಿಕ್ಯೂಷನ್ ಸಂಸ್ಥೆಗಳು.

ಅಮೆರಿಕದಲ್ಲಿ ನಮ್ಮಂತೆ ಒಂದು ರಾಜ್ಯಕ್ಕೆ ಒಂದೇ ಪೊಲೀಸ್ ಇಲಾಖೆಯಲ್ಲ. ಪ್ರತಿ ಊರಿಗೂ ಒಂದೊಂದು; ಕೆಲವು ಕಡೆ ಹತ್ತೇ ಜನ. ಹತ್ತು ಜನರ ಠಾಣೆ ಫೊರೆನ್ಸಿಕ್ ಲ್ಯಾಬ್ ಕಟ್ಟಲಾರದು. ಹಾಗಾಗಿ ಒಂದು ದೊಡ್ಡ ಇಲಾಖೆಯನ್ನು ಮುಂದಾಳು ಮಾಡಿ, ಹಣ ಮತ್ತು ಲ್ಯಾಬ್ ಅಲ್ಲಿಟ್ಟು, ಸುತ್ತಲಿನ ಸಣ್ಣವರನ್ನು ಅದಕ್ಕೆ ಜೋಡಿಸುತ್ತಾರೆ. ಊರಿಗೊಂದು ಟ್ರ್ಯಾಕ್ಟರ್ ಇಟ್ಟುಕೊಂಡು ಸರದಿಯಲ್ಲಿ ಉಳುವ ಹಾಗೆ. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥ ಐದು ಪಡೆಗಳಿವೆ. ಸಿಲಿಕಾನ್ ವ್ಯಾಲಿಯ ಪಡೆಗೆ ಸ್ಯಾನ್ ಹೋಸೆ ನಗರ ಪೊಲೀಸರು ಮುಂದಾಳು. ಆ ಸುತ್ತಿನಲ್ಲಿರುವ ಸಾವಿರಾರು ಕನ್ನಡ ಮನೆಗಳ ಮಕ್ಕಳೂ ಅದರ ವ್ಯಾಪ್ತಿಗೇ ಬರುತ್ತಾರೆ.

ಗಮನಿಸಬೇಕಾದದ್ದು ಹಂಚಿಕೆಯ ನಿಯಮ. 2008ರ ಒಂದು ಕಾಯ್ದೆ ಈ ಹಣದ ಕನಿಷ್ಠ ಶೇ 75ರಷ್ಟನ್ನು ಸೂತ್ರದ ಪ್ರಕಾರವೇ ಹಂಚಬೇಕು, ಎಷ್ಟೇ ಸಣ್ಣ ಪಡೆಗೂ ಶೇ 0.5ಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದಿತು. ಬೇರೆ ಅನುದಾನಗಳಿಗೆ ಪ್ರತಿ ಸಲ ಅರ್ಜಿ ಹಾಕಿ ಸ್ಪರ್ಧಿಸಬೇಕು. ಚೆನ್ನಾಗಿ ಅರ್ಜಿ ಬರೆಯುವವರಿಗೆ ದುಡ್ಡು. ಸೂತ್ರ ಇದ್ದರೆ ಮುಂದಿನ ವರ್ಷವೂ ಇಷ್ಟು ಬರುತ್ತದೆ ಎಂಬ ಭರವಸೆಯ ಮೇಲೆ ಜನರನ್ನು ನೇಮಿಸಿಕೊಳ್ಳಬಹುದು.

ಹಾಗೆಂದು ಅಲ್ಲೂ ಹಾಲಿನ ಹೊಳೆಯೇನೂ ಹರಿಯುತ್ತಿಲ್ಲ. ಅದೇ ಕಾಯ್ದೆ ವರ್ಷಕ್ಕೆ 6 ಕೋಟಿ ಡಾಲರ್‌ವರೆಗೆ ಕೊಡಬಹುದು ಎಂದಿತ್ತು. ‘ಕೊಡಬಹುದು’ ಬೇರೆ, ‘ಕೊಟ್ಟೆವು’ ಬೇರೆ. ಮದುವೆಗೆ ಹತ್ತು ಲಕ್ಷದವರೆಗೆ ಖರ್ಚು ಮಾಡೋಣ ಎಂದು ಮನೆಯವರು ಮಾತಾಡಿಕೊಳ್ಳುತ್ತಾರೆ, ಬ್ಯಾಂಕಿನಿಂದ ತೆಗೆಯುವಾಗ ಆರೇ ಲಕ್ಷ. 2009ರಲ್ಲಿ ಆರ್ಥಿಕ ಚೇತರಿಕೆ ಪ್ಯಾಕೇಜಿನಿಂದ ಒಂದು ಸಲ 5 ಕೋಟಿ ಡಾಲರ್ ಹೆಚ್ಚುವರಿ ಸಿಕ್ಕಿತು. ಆನಂತರ ಹೆಚ್ಚಿನ ವರ್ಷಗಳಲ್ಲಿ ಮಂಜೂರಾದದ್ದು ಆ 6 ಕೋಟಿಗಿಂತ ಬಹಳ ಕೆಳಗೆ. ಹಾಗಿದ್ದೂ 2023ರ ಆರ್ಥಿಕ ವರ್ಷದಲ್ಲಿ ಈ ಪಡೆಗಳು ಸುಮಾರು 1,84,700 ತನಿಖೆ ನಡೆಸಿ 10,800ಕ್ಕೂ ಹೆಚ್ಚು ಜನರನ್ನು ಬಂಧಿಸಿದವು.

ಅಲ್ಲಿನ ಪಡೆಗಳಲ್ಲಿ ಕೆಲವಕ್ಕೆ ನಾಯಿಗಳೂ ಇವೆ. ಮೆಮೊರಿ ಚಿಪ್ಪುಗಳ ಮೇಲಿನ ಒಂದು ರಾಸಾಯನಿಕದ ವಾಸನೆ ಹಿಡಿದು, ಗೋಡೆಯ ಸಂದಿಯಲ್ಲೋ ಅಕ್ಕಿ ಡಬ್ಬಿಯಲ್ಲೋ ಬಚ್ಚಿಟ್ಟ ಪೆನ್‌ಡ್ರೈವನ್ನು ಹುಡುಕಿಕೊಡುತ್ತವೆ. ಕನೆಕ್ಟಿಕಟ್ ರಾಜ್ಯದ ಪೊಲೀಸರು ಈ ತರಬೇತಿಯನ್ನು ಮೊದಲು ರೂಪಿಸಿದರು. ಇದಕ್ಕೆ ವಾರ್ಷಿಕ ಲೈಸೆನ್ಸ್ ಬೇಡ, ಊಟ ಹಾಕಿದರಾಯಿತು.

ಅಷ್ಟು ದೂರ ಯಾಕೆ, ಪಕ್ಕದ ಕೇರಳದಲ್ಲೇ ಮಕ್ಕಳ ಲೈಂಗಿಕ ಶೋಷಣೆ ತಡೆಗೆಂದೇ ಪ್ರತ್ಯೇಕ ತಂಡವಿದೆ. ‘ಆಪರೇಷನ್ ಪಿ-ಹಂಟ್’ ಹೆಸರಿನಲ್ಲಿ ಒಂದೇ ದಿನ ಎಲ್ಲ ಜಿಲ್ಲೆಗಳಲ್ಲಿ ಶೋಧ ನಡೆಸುವುದು ಅದರ ಕ್ರಮ. ಗಾಂಜಾ, ಚಿಟ್ ಫಂಡ್ ಅದರ ಮೇಜಿಗೆ ಬರುವುದಿಲ್ಲ.

## ಹೊರೆ ಬದಲಾಗುತ್ತಿದೆ

2024ರಲ್ಲಿ ಟಿಪ್‌ಲೈನಿಗೆ ಬಂದ ಒಟ್ಟು ವರದಿ 3.6 ಕೋಟಿಯಿಂದ ಸುಮಾರು 2 ಕೋಟಿಗೆ ಇಳಿಯಿತು. ಅಪರಾಧ ಕಡಿಮೆಯಾಯಿತೆಂದು ಇದರ ಅರ್ಥವಲ್ಲ. ಒಂದೇ ಘಟನೆಯ ವರದಿಗಳನ್ನು ಗಂಟು ಕಟ್ಟಿ ಒಂದಾಗಿ ಕಳಿಸುವ ಕ್ರಮ ಬಂತು. ಜೊತೆಗೆ ಕಳಿಸಿದವರು, ಪಡೆದವರು ಬಿಟ್ಟರೆ ಕಂಪನಿಗೂ ಕಾಣದಂತೆ ಸಂದೇಶಕ್ಕೆ ಬೀಗ ಹಾಕುವ ಎನ್‌ಕ್ರಿಪ್ಷನ್ ಹೆಚ್ಚಿತು. ಎಲ್ಲರ ಖಾಸಗಿತನ ಕಾಯುವ ಬೀಗ ಇಲ್ಲಿ ಪೊಲೀಸರಿಗೂ ಬೀಗವೇ. ಕಂಪನಿಯಿಂದ ಸುಳಿವು ಬರುವುದು ಕಡಿಮೆಯಾದರೆ ಸ್ಥಳೀಯ ಪೊಲೀಸರು ತಾವೇ ಹುಡುಕಿ ಹೊರಡಬೇಕಾಗುತ್ತದೆ. ಅದು ಇನ್ನೂ ದುಬಾರಿ.

ಇನ್ನೊಂದು ಕೃತಕ ಬುದ್ಧಿಮತ್ತೆ. ಅದಕ್ಕೆ ಸಂಬಂಧಿಸಿದ ವರದಿಗಳು 2023ರಲ್ಲಿ 4,700 ಇದ್ದದ್ದು 2024ರಲ್ಲಿ 67,000 ಆದವು. ಶಾಲಾ ಗ್ರೂಪ್ ಫೋಟೊದಿಂದ ಮುಖ ತೆಗೆದು ನಕಲಿ ಚಿತ್ರ ಮಾಡುವುದಕ್ಕೆ ಈಗ ನಿಮಿಷಗಳು ಸಾಕು. ತನಿಖಾಧಿಕಾರಿಗೆ ಮಾತ್ರ ಹೊಸ ತಲೆನೋವು: ಚಿತ್ರದಲ್ಲಿರುವುದು ಕಾಪಾಡಬೇಕಾದ ನಿಜವಾದ ಮಗುವೋ, ಯಂತ್ರ ಹೆಣೆದ ಮುಖವೋ?

## ದೂರು ಕೊಡುವ ಪ್ರಸಂಗ ಬಂದರೆ

ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ 2018ರಲ್ಲಿ ಶುರುವಾದದ್ದೇ ಇಂಥ ದೂರುಗಳಿಗಾಗಿ. ಬೇರೆ ಸೈಬರ್ ಅಪರಾಧಗಳು ಅದಕ್ಕೆ ಸೇರಿದ್ದು 2019ರಲ್ಲಿ. 1930 ಹಣಕಾಸು ವಂಚನೆಯ ಸಹಾಯವಾಣಿ. ಮಗು ಅಪಾಯದಲ್ಲಿದ್ದರೆ 1098 ಅಥವಾ 112.

ಕಂಡ ಚಿತ್ರವನ್ನು ಸಾಕ್ಷ್ಯಕ್ಕೆಂದು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಮೇಷ್ಟ್ರಿಗೂ ಬೇಡ, ಪರಿಚಯದ ಪತ್ರಕರ್ತರಿಗೂ ಬೇಡ. ಕಳಿಸುವುದು ಅಪರಾಧ, ಮೇಲೆ ಹೇಳಿದಂತೆ ಜೊಳ್ಳಿನ ರಾಶಿಗೆ ಇನ್ನೊಂದು ಹಿಡಿ. ಖಾತೆಯ ಹೆಸರು, ಲಿಂಕು, ತಾರೀಖು, ಗಂಟೆ ನಿಮಿಷ ಬರೆದಿಟ್ಟುಕೊಂಡರೆ ಸಾಕು. ಮಗುವಿಗೆ ಬೆದರಿಕೆ ಬಂದಿದ್ದರೆ ಗಾಬರಿಯಲ್ಲಿ ಚಾಟ್ ಅಳಿಸಬೇಡಿ, ಖಾತೆ ಮುಚ್ಚಬೇಡಿ. ಚಿತ್ರ ಹರಡುವ ಭಯವಿದ್ದರೆ ಎನ್‌ಸಿಎಂಇಸಿಯ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನು ಬಿಟ್ಟು ಹೋಗುವುದಿಲ್ಲ, ಅದರ ಹ್ಯಾಶ್ ಮಾತ್ರ ಹೋಗುತ್ತದೆ, ಸೇವೆಗೆ ಸೇರಿರುವ ಕಂಪನಿಗಳು ಆ ಹ್ಯಾಶ್ ನೋಡಿಕೊಂಡು ಚಿತ್ರ ತೆಗೆಯುತ್ತವೆ.

ಪೋರ್ಟಲಿನಲ್ಲಿ ಎರಡು ಆಯ್ಕೆ ಇವೆ. ಹೆಸರು ಹೇಳದೆಯೂ ದೂರು ಕೊಡಬಹುದು, ಮೊಬೈಲ್ ನಂಬರ್ ಕೊಟ್ಟು ನೋಂದಾಯಿಸಿಕೊಂಡೂ ಕೊಡಬಹುದು. ಹೆಸರು ಹೇಳದೆ ಕೊಟ್ಟ ದೂರು ಜಿಲ್ಲೆಯ ಯಾವ ಮೇಜಿನ ಮೇಲಿದೆ ಎಂದು ಆಮೇಲೆ ನೋಡಲು ಆಗುವುದಿಲ್ಲ.